ಒಂದು ಕಣ್ಣಿನ ಆಳ: ಘನದೃಷ್ಟಿಯ ಶೋಧ ಮತ್ತು ಮನ್ಸೂರ್ ಅಲಿ ಖಾನ್ ಪಟೌಡಿಯವರ ಆಟ

ಕಣ್ಣುಗಳು ಎರಡು, ಕಾಣುವ ಲೋಕ ಒಂದು. ಇದರಲ್ಲಿ ವಿವರಿಸಬೇಕಾದದ್ದೇನೋ ಇದೆಯೆಂಬುದು ಪ್ರಾಚೀನರಿಗೆ ಹೊಳೆಯದೆ ಇರಲಿಲ್ಲ. ಗೌತಮನ ನ್ಯಾಯಸೂತ್ರಗಳ ಮೂರನೆಯ ಅಧ್ಯಾಯದ ಆರಂಭದಲ್ಲಿ ಈ ಕುರಿತು ಸ್ವಾರಸ್ಯಕರವಾದ ವಾದವೊಂದು ಬರುತ್ತದೆ. ಎಡಗಣ್ಣಿನಿಂದ ಕಂಡ ವಸ್ತುವನ್ನು ಬಲಗಣ್ಣು ಗುರುತಿಸುತ್ತದೆ; ಆದ್ದರಿಂದ ಕಣ್ಣುಗಳಿಗಿಂತ ಭಿನ್ನನಾದ ಜ್ಞಾತೃ ಒಬ್ಬನಿರಬೇಕು ಎಂಬುದು ಸಿದ್ಧಾಂತಿಯ ನಿಲುವು. ಪೂರ್ವಪಕ್ಷಿಯ ಆಕ್ಷೇಪವೆಂದರೆ, ಕಣ್ಣೆಂಬ ಇಂದ್ರಿಯ ವಾಸ್ತವವಾಗಿ ಒಂದೇ. ಮೂಗಿನ ಎಲುಬು ನಡುವೆ ಬಂದಿರುವುದರಿಂದ ಅದು ಎರಡೆಂದು ತೋರುತ್ತದೆ. ಅದಕ್ಕೆ ದೊರೆಯುವ ಉತ್ತರ ಚಿಕ್ಕದು: ಒಂದು ನಾಶವಾದರೂ ಇನ್ನೊಂದು ನಾಶವಾಗುವುದಿಲ್ಲ, ಆದ್ದರಿಂದ ಕಣ್ಣು ಒಂದೇ ಅಲ್ಲ. ಕಾಗೆಗೆ ಇರುವುದು ಒಂದೇ ಕಣ್ಣುಗುಡ್ಡೆ, ಅದನ್ನೇ ಅದು ಬೇಕಾದ ಕಡೆಗೆ ಹೊರಳಿಸಿಕೊಳ್ಳುತ್ತದೆ ಎಂಬ ಜನರ ನಂಬಿಕೆಯಿಂದ ಹುಟ್ಟಿದ ಕಾಕಾಕ್ಷಿಗೋಲಕ ನ್ಯಾಯವನ್ನೂ ವ್ಯಾಖ್ಯಾನಕಾರರು ಬಲ್ಲರು. ಆದರೆ ಇವುಗಳ ಗುರಿ ಬೇರೆ. ನ್ಯಾಯಸೂತ್ರದ ಚರ್ಚೆ ಆತ್ಮಸಿದ್ಧಿಗಾಗಿ ನಡೆದದ್ದು. ಕಾಗೆಯ ದೃಷ್ಟಾಂತ ಒಂದು ಪದ ಎರಡು ಕಡೆ ಅನ್ವಯವಾಗುವುದನ್ನು ಹೇಳಲು ಬಳಕೆಯಾದದ್ದು. ಒಂದು ಕಣ್ಣು ಹೋದವನು ಏನನ್ನು ಕಳೆದುಕೊಳ್ಳುತ್ತಾನೆ, ಏನನ್ನು ಉಳಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಆ ಪ್ರಶ್ನೆ ಭಾರತೀಯ ಕ್ರೀಡಾಚರಿತ್ರೆಯಲ್ಲಿ ಬಹಳ ಸ್ಪಷ್ಟವಾಗಿ ಎದ್ದದ್ದು 1961ರಲ್ಲಿ. ಆ ವರ್ಷದ ಜುಲೈ 1ರಂದು ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ನಡೆದ ಕಾರು ಅಪಘಾತದಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಕೆಟ್ ತಂಡದ ನಾಯಕರಾಗಿದ್ದ ಇಪ್ಪತ್ತು ವರ್ಷದ ಮನ್ಸೂರ್ ಅಲಿ ಖಾನ್ ಪಟೌಡಿಯವರ ಬಲಗಣ್ಣಿಗೆ ಗಾಜಿನ ಚೂರು ಹೊಕ್ಕಿತು. ಐದೂವರೆ ತಿಂಗಳೊಳಗೆ ಅವರು ಭಾರತದ ಪರವಾಗಿ ಟೆಸ್ಟ್ ಪಂದ್ಯವನ್ನಾಡಿದರು. ಈ ಘಟನೆಯನ್ನು ಪವಾಡವೆಂದು ವರ್ಣಿಸುವುದು ಇಲ್ಲಿಯವರೆಗಿನ ರೂಢಿ. ಪವಾಡವೆಂದ ಕೂಡಲೆ ವಿಚಾರಣೆ ನಿಂತುಹೋಗುತ್ತದೆ. ದೃಷ್ಟಿವಿಜ್ಞಾನದ ಇತಿಹಾಸವನ್ನೂ ಪಟೌಡಿಯವರು ತಾವೇ ಬರೆದಿಟ್ಟ ವಿವರಗಳನ್ನೂ ಜೊತೆಯಲ್ಲಿಟ್ಟು ಓದಿದರೆ, ಅವರು ಕಳೆದುಕೊಂಡದ್ದು ಯಾವುದು, ಕಳೆದುಕೊಳ್ಳದೆ ಉಳಿದದ್ದು ಯಾವುದು ಎಂಬುದನ್ನು ಸಾಕಷ್ಟು ನಿಖರವಾಗಿ ಗುರುತಿಸಲು ಸಾಧ್ಯವಿದೆ.

ಘನದೃಷ್ಟಿಯ ಶೋಧ

ಎರಡು ಕಣ್ಣುಗಳಿಗೆ ಕಾಣುವ ನೋಟಗಳು ಒಂದೇ ತೆರನಾಗಿಲ್ಲವೆಂಬುದನ್ನು ಗ್ರೀಸಿನ ಯೂಕ್ಲಿಡನೂ ಎರಡನೆಯ ಶತಮಾನದ ವೈದ್ಯ ಗ್ಯಾಲನನೂ ಗಮನಿಸಿದ್ದರು. ಎಷ್ಟೇ ನೈಪುಣ್ಯದಿಂದ ಬರೆದ ಚಿತ್ರವೂ ಎರಡು ಕಣ್ಣುಗಳಿಂದ ನೋಡಿದ ವಸ್ತುವಿನಷ್ಟು ಉಬ್ಬಿ ನಿಲ್ಲುವುದಿಲ್ಲವೆಂದು ಲಿಯೊನಾರ್ಡೊ ಡ ವಿಂಚಿ ಕೊರಗಿದ್ದುಂಟು. ಆದರೆ ಆ ನೋಟಗಳ ಅಂತರವೇ ಆಳದ ಅರಿವಿಗೆ ಕಾರಣವೆಂದು ಪ್ರಯೋಗದಿಂದ ತೋರಿಸಿದವನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ ಅವನು ಎರಡು ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿದ ಸಣ್ಣ ಉಪಕರಣವೊಂದನ್ನು ವರ್ಣಿಸಿದ. ಒಂದೇ ವಸ್ತುವಿನ ಎರಡು ರೇಖಾಚಿತ್ರಗಳು, ಒಂದು ಎಡಗಣ್ಣಿಗೆ ಕಾಣುವಂತೆ, ಇನ್ನೊಂದು ಬಲಗಣ್ಣಿಗೆ ಕಾಣುವಂತೆ ಬರೆದವು, ಕನ್ನಡಿಗಳ ಮೂಲಕ ಆಯಾ ಕಣ್ಣಿಗೆ ತಲುಪುತ್ತಿದ್ದವು. ಚಪ್ಪಟೆಯಾದ ಗೆರೆಗಳು ಒಮ್ಮೆಲೆ ಘನಾಕೃತಿಯಾಗಿ ಎದ್ದು ನಿಲ್ಲುತ್ತಿದ್ದವು. ಸ್ಟೀರಿಯೋಸ್ಕೋಪ್ ಎಂದು ಹೆಸರಾದ ಈ ಉಪಕರಣ ಡೇವಿಡ್ ಬ್ರೂಸ್ಟರ್ ಮಾಡಿದ ಮಸೂರದ ರೂಪದಲ್ಲಿ 1851ರ ಲಂಡನ್ ಮಹಾಪ್ರದರ್ಶನದ ಬಳಿಕ ಮನೆಮನೆಯ ವಿನೋದವಾಯಿತು. ಎರಡು ಕಣ್ಣುಗಳ ನೋಟದ ವ್ಯತ್ಯಾಸದಿಂದ ಹುಟ್ಟುವ ಈ ಆಳದ ಅರಿವನ್ನೇ ಇಲ್ಲಿ ಘನದೃಷ್ಟಿ ಎಂದು ಕರೆಯಲಾಗಿದೆ.

ಶೋಧದ ಸೊಗಸೇ ಒಂದು ತಪ್ಪು ಗ್ರಹಿಕೆಗೂ ದಾರಿ ಮಾಡಿತು. ಆಳವೆಂದರೆ ಎರಡು ಕಣ್ಣು, ಒಂದು ಕಣ್ಣೆಂದರೆ ಚಪ್ಪಟೆಯ ಲೋಕ ಎಂಬ ಸಮೀಕರಣ ಜನಮನದಲ್ಲಿ ಬೇರೂರಿತು. ಅದು ಇನ್ನೂ ಹೋಗಿಲ್ಲ. ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲಿ ಪೂರ್ಣಗೊಳಿಸಿದ ತನ್ನ ದೃಗ್ವಿಜ್ಞಾನದ ಮಹಾಗ್ರಂಥದಲ್ಲಿ ಇದಕ್ಕೆ ಆಗಲೇ ತಿದ್ದುಪಡಿ ಸೂಚಿಸಿದ್ದ. ದಟ್ಟವಾದ ಕಾಡಿನಲ್ಲಿ ಅಲುಗಾಡದೆ ನಿಂತು ಒಂದೇ ಕಣ್ಣಿನಿಂದ ನೋಡುವವನಿಗೆ ಕೊಂಬೆ ಎಲೆಗಳೆಲ್ಲ ಕಲಸಿಹೋದ ಹಸಿರಾಗಿ ತೋರುತ್ತವೆ. ಅವನು ಒಂದು ಹೆಜ್ಜೆ ಮುಂದಿಟ್ಟ ಕೂಡಲೆ ಹತ್ತಿರದ ಕೊಂಬೆ ವೇಗವಾಗಿಯೂ ದೂರದ ಕೊಂಬೆ ನಿಧಾನವಾಗಿಯೂ ಸರಿದು ಪ್ರತಿಯೊಂದೂ ತನ್ನ ತನ್ನ ಸ್ಥಾನದಲ್ಲಿ ಬೇರ್ಪಡುತ್ತದೆ. ನೋಡುವವನ ಚಲನೆಯೇ ಇಲ್ಲಿ ಎರಡನೆಯ ಕಣ್ಣಿನ ಕೆಲಸ ಮಾಡುತ್ತದೆ. ಒಂದು ವಸ್ತು ಇನ್ನೊಂದನ್ನು ಮರೆಮಾಡುವುದು, ನೆರಳು, ದೂರ ಹೋದಂತೆ ಕಿರಿದಾಗುವ ಗಾತ್ರ, ನೆಲದ ಮೇಲಿನ ಗೆರೆಗಳ ಕೂಡುವಿಕೆ ಮೊದಲಾದ ಸುಳಿವುಗಳು ಚಿತ್ರಕಾರರಿಗೆ ಮೊದಲೇ ತಿಳಿದಿದ್ದವು. ಇವಾವುದಕ್ಕೂ ಎರಡು ಕಣ್ಣು ಬೇಕಿಲ್ಲ.

ಹಾಗಾದರೆ ಘನದೃಷ್ಟಿಯ ವಿಶೇಷ ಉಪಯೋಗವೇನು? ಉತ್ತರ ಸರಳ ರೇಖಾಗಣಿತದಲ್ಲಿದೆ. ವಯಸ್ಕರ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.3 ಸೆಂಟಿಮೀಟರ್. ಈ ಅಂತರದಿಂದ ದೊರೆಯುವ ಸುಳಿವು ವಸ್ತುವಿನ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಸುಳಿವಿನ ಬಲ ನಾಲ್ಕನೆಯ ಒಂದು ಭಾಗ. ಕೋನದ ಅಳತೆಯಲ್ಲಿ 20 ಸೆಕೆಂಡುಗಳಷ್ಟು ವ್ಯತ್ಯಾಸವನ್ನು ಗುರುತಿಸಬಲ್ಲ ಒಳ್ಳೆಯ ಕಣ್ಣುಗಳನ್ನು ಗಣನೆಗೆ ತೆಗೆದುಕೊಂಡರೆ, ಅರ್ಧ ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆಯ ಹಿಂದುಮುಂದೂ ತಿಳಿಯುತ್ತದೆ. 5 ಮೀಟರ್ ದೂರದಲ್ಲಿ ಅದು ಸುಮಾರು 4 ಸೆಂಟಿಮೀಟರಾಗುತ್ತದೆ. 20 ಮೀಟರಿನಲ್ಲಿ 60 ಸೆಂಟಿಮೀಟರನ್ನು ದಾಟುತ್ತದೆ. ಅಂದರೆ ಘನದೃಷ್ಟಿ ಮುಖ್ಯವಾಗಿ ಕೈಯಳತೆಯ ಲೋಕದ ಸಾಧನ. ಸೂಜಿಗೆ ದಾರ ಪೋಣಿಸುವವರಿಗೆ ಅದು ಅಮೂಲ್ಯ. ಬೀದಿಯ ಆ ಕೊನೆಯಲ್ಲಿ ಬರುತ್ತಿರುವ ಬಸ್ಸಿನ ದೂರವನ್ನು ಅಂದಾಜು ಮಾಡುವವರಿಗೆ ಅಷ್ಟೇನೂ ಅಲ್ಲ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಇದರ ನರಮೂಲವೂ ಬೆಳಕಿಗೆ ಬಂತು. ಬೇಲಾ ಯೂಲೆಸ್ 1960ರಲ್ಲಿ ಚುಕ್ಕೆಗಳ ಗೊಂದಲದಂತೆ ಕಾಣುವ ಜೋಡಿಚಿತ್ರಗಳನ್ನು ರಚಿಸಿ, ಆಕಾರದ ಯಾವ ಸುಳಿವೂ ಇಲ್ಲದೆ ಕೇವಲ ನೋಟಗಳ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಕಟ್ಟಬಲ್ಲದೆಂದು ತೋರಿಸಿದ. ಹ್ಯೂಬೆಲ್ ಮತ್ತು ವೀಸೆಲ್ ಅವರ ಪ್ರಯೋಗಗಳು (ಇವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು) ಎರಡೂ ಕಣ್ಣುಗಳಿಗೆ ಸ್ಪಂದಿಸುವ ನರಕೋಶಗಳು ಎಳವೆಯಲ್ಲೇ ಬಲಗೊಳ್ಳಬೇಕೆಂದು ಸೂಚಿಸಿದವು. ಮೆಳ್ಳೆಗಣ್ಣಿನಿಂದಲೋ ಒಂದು ಕಣ್ಣಿನ ಮಂದತೆಯಿಂದಲೋ ಬಾಲ್ಯದಲ್ಲಿ ಈ ಅಭ್ಯಾಸ ತಪ್ಪಿದವರಿಗೆ ಎರಡು ಕಣ್ಣುಗಳಿದ್ದೂ ಘನದೃಷ್ಟಿ ಬಾರದೆ ಹೋಗಬಹುದು. ಹೀಗಾಗಿ ಘನದೃಷ್ಟಿಯಿಲ್ಲದವರಲ್ಲಿ ಎರಡು ವರ್ಗಗಳನ್ನು ಬೇರೆಬೇರೆಯಾಗಿ ನೋಡಬೇಕು: ಅದನ್ನು ಎಂದೂ ಪಡೆಯದವರು, ಮತ್ತು ಪಡೆದು ಕಳೆದುಕೊಂಡವರು. ಪಟೌಡಿ ಎರಡನೆಯ ವರ್ಗಕ್ಕೆ ಸೇರಿದವರು. ಈ ಭೇದ ಮುಂದಿನ ವಿವೇಚನೆಗೆ ಮುಖ್ಯವಾಗುತ್ತದೆ.

ಎರಡು ಚೆಂಡುಗಳು

1941ರ ಜನವರಿ 5ರಂದು ಭೋಪಾಲದಲ್ಲಿ ಜನಿಸಿದ ಮನ್ಸೂರ್ ಅಲಿ ಖಾನರ ತಂದೆ ಇಫ್ತಿಕಾರ್ ಅಲಿ ಖಾನ್ ಪಟೌಡಿ ಇಂಗ್ಲೆಂಡ್ ಮತ್ತು ಭಾರತ ಎರಡೂ ದೇಶಗಳ ಪರವಾಗಿ ಟೆಸ್ಟ್ ಆಡಿದವರು. ಮಗನ ಹನ್ನೊಂದನೆಯ ಹುಟ್ಟುಹಬ್ಬದಂದೇ ಪೋಲೋ ಆಡುತ್ತಿದ್ದಾಗ ತೀರಿಕೊಂಡರು. ವಿಂಚೆಸ್ಟರ್ ಶಾಲೆಯಲ್ಲಿ ಓದಿದ ಮಗ ಹದಿನಾರರ ವಯಸ್ಸಿನಲ್ಲಿ ಸಸೆಕ್ಸ್ ಕೌಂಟಿಗೆ ಆಡಿದರು. 1961ರ ಬೇಸಿಗೆಯಲ್ಲಿ ಆಕ್ಸ್‌ಫರ್ಡಿನ ಪರವಾಗಿ ಯಾರ್ಕ್‌ಷೈರ್ ವಿರುದ್ಧ ಒಂದೇ ಪಂದ್ಯದ ಎರಡೂ ಸರದಿಗಳಲ್ಲಿ ಶತಕ ಬಾರಿಸಿದ್ದರು. ತಂದೆ 1931ರಲ್ಲಿ ಆಕ್ಸ್‌ಫರ್ಡಿಗೆ ಗಳಿಸಿದ್ದ 1,307 ರನ್ನುಗಳ ದಾಖಲೆ ಮಗನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆ ಹೊತ್ತಿಗೆ ಅಪಘಾತವಾಯಿತು.

ಅಪಘಾತದ ಬಳಿಕದ ತಿಂಗಳುಗಳ ಕುರಿತು ದೊರೆಯುವ ಪ್ರಮುಖ ಆಕರ 1969ರಲ್ಲಿ ಪ್ರಕಟವಾದ ಪಟೌಡಿಯವರ ಆತ್ಮಕಥೆ ‘ಟೈಗರ್ಸ್ ಟೇಲ್’. ಘಟನೆ ನಡೆದು ಎಂಟು ವರ್ಷಗಳಾದ ಮೇಲೆ, ಯಶಸ್ವಿ ನಾಯಕನೊಬ್ಬ ಹಿಂದಿರುಗಿ ನೋಡಿ ಬರೆದದ್ದು ಎಂಬ ಎಚ್ಚರ ಓದುಗನಿಗೆ ಇರಬೇಕು. ಆದರೂ ಅದರಲ್ಲಿನ ಸಣ್ಣ ವಿವರಗಳು, ಪ್ರತಿಷ್ಠೆಗೆ ಯಾವ ಉಪಯೋಗವೂ ಇಲ್ಲದ ವಿವರಗಳಾದ್ದರಿಂದಲೇ, ನಂಬಲರ್ಹವಾಗಿವೆ. ಸಿಗರೇಟು ಹೊತ್ತಿಸಲು ಹೋದರೆ ಬೆಂಕಿ ಅದರ ತುದಿಗೆ ತಾಗದೆ ಪಕ್ಕಕ್ಕೆ ಹೋಗುತ್ತಿತ್ತು. ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಅದು ಮೇಜಿನ ಮೇಲೆ ಸುರಿಯುತ್ತಿತ್ತು. ಕೆಲವೇ ವಾರಗಳಲ್ಲಿ ಬಲೆಯೊಳಗಿನ ಅಭ್ಯಾಸಕ್ಕೆ ಮರಳಿದವರಿಗೆ, ಮುಂದೆ ವೇಗದ ಬೌಲಿಂಗನ್ನು ಎದುರಿಸಿ ಶತಕ ಹೊಡೆಯಲಿದ್ದವರಿಗೆ, ಮನೆಯೊಳಗಿನ ಈ ಕೆಲಸಗಳು ಕೈಗೂಡುತ್ತಿರಲಿಲ್ಲ.

ಆಟಗಾರನ ಜೀವನಚರಿತ್ರೆಯಲ್ಲಿ ಇದು ಮುಗುಳುನಗೆ ತರಿಸುವ ಪ್ರಸಂಗವಾಗಿ ಬಂದುಹೋಗುತ್ತದೆ. ಮೇಲೆ ಹೇಳಿದ ಲೆಕ್ಕದ ಬೆಳಕಿನಲ್ಲಿ ನೋಡಿದರೆ ಇದೇ ಇಡೀ ಪ್ರಕರಣದ ಬೀಗದ ಕೈ. ಲೋಟ ಇರುವುದು ಅರ್ಧ ಮೀಟರ್ ದೂರದಲ್ಲಿ. ಸಿಗರೇಟಿನ ತುದಿ ಇನ್ನೂ ಹತ್ತಿರ. ಘನದೃಷ್ಟಿಯ ಬಲ ಅತ್ಯಧಿಕವಾಗಿರುವ ವಲಯ ಅದು. ಅಲ್ಲಿ ವಸ್ತುಗಳು ಚಲಿಸುತ್ತಿಲ್ಲ, ನೋಡುವವನೂ ಕುಳಿತಿದ್ದಾನೆ, ಹೆಲ್ಮ್‌ಹೋಲ್ಟ್ಸ್ ಹೇಳಿದ ಕಾಡಿನಲ್ಲಿ ನಿಂತವನಂತೆ. ಬೌಲರ್ ಚೆಂಡನ್ನು ಬಿಡುವುದಾದರೋ ಬ್ಯಾಟ್ಸ್‌ಮನ್ನನಿಂದ ಸುಮಾರು 18 ಮೀಟರ್ ಆಚೆ. ಆ ದೂರದಲ್ಲಿ ಎರಡು ಒಳ್ಳೆಯ ಕಣ್ಣುಗಳಿದ್ದವನಿಗೂ ಘನದೃಷ್ಟಿ ಅರ್ಧ ಮೀಟರಿನ ವ್ಯತ್ಯಾಸವನ್ನಷ್ಟೇ ಹೇಳಬಲ್ಲದು. ಆದರೆ ಚೆಂಡು ಬರುತ್ತಿದೆ. ಬರುತ್ತಾ ಕಣ್ಣಿನಲ್ಲಿ ಅದರ ಬಿಂಬ ಹಿಗ್ಗುತ್ತಿದೆ. ಬಿಂಬದ ಗಾತ್ರವನ್ನು ಅದು ಹಿಗ್ಗುವ ವೇಗದಿಂದ ಭಾಗಿಸಿದರೆ ಚೆಂಡು ತಲುಪಲು ಉಳಿದಿರುವ ಸಮಯ ನೇರವಾಗಿ ದೊರೆಯುತ್ತದೆ. ದೂರವೂ ವೇಗವೂ ಪ್ರತ್ಯೇಕವಾಗಿ ತಿಳಿದಿರಬೇಕಾಗಿಲ್ಲ. ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1957ರ ತನ್ನ ಕಾದಂಬರಿಯೊಂದರಲ್ಲಿ ಭೂಮಿಯತ್ತ ಬರುವ ಮೋಡದ ವಿಷಯವಾಗಿ ಬಳಸಿದ ಈ ಲೆಕ್ಕವನ್ನು ಎಡಿನ್‌ಬರೋದ ಡೇವಿಡ್ ಲೀ 1976ರಲ್ಲಿ ದೃಷ್ಟಿವಿಜ್ಞಾನದ ಮುಖ್ಯ ಪರಿಕಲ್ಪನೆಯಾಗಿ ಬೆಳೆಸಿದರು. ಈ ಲೆಕ್ಕಕ್ಕೆ ಒಂದು ಕಣ್ಣು ಸಾಕು.

ಪಟೌಡಿಯವರ ಕಷ್ಟ ಬೇರೊಂದು ದಿಕ್ಕಿನಿಂದ ಬಂತು. ಶಸ್ತ್ರಚಿಕಿತ್ಸೆಯ ಬಳಿಕ ಅವರ ಬಲಗಣ್ಣಿನಲ್ಲಿ ಸಹಜ ಮಸೂರವಿರಲಿಲ್ಲ. ಕಣ್ಣಿಗೆ ಅಂಟಿಸುವ ಕೃತಕ ಮಸೂರ ಧರಿಸಿದರೆ ನೋಟ ಬಹುಮಟ್ಟಿಗೆ ಮರಳುತ್ತಿತ್ತು. ಆದರೆ ಎರಡು ಕಣ್ಣುಗಳ ಬಿಂಬಗಳು ಕೂಡಿಕೊಳ್ಳುತ್ತಿರಲಿಲ್ಲ. ಸಹಜ ಮಸೂರವಿಲ್ಲದ ಕಣ್ಣಿಗೆ ಇಂತಹ ಮಸೂರ ತೊಡಿಸಿದಾಗ ಬಿಂಬ ಇನ್ನೊಂದು ಕಣ್ಣಿನದಕ್ಕಿಂತ ತುಸು ದೊಡ್ಡದಾಗುವುದು ವೈದ್ಯರಿಗೆ ಪರಿಚಿತವಾದ ಸಂಗತಿ. 1961ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಪ್ರವಾಸಿ ಎಂಸಿಸಿ ತಂಡದ ವಿರುದ್ಧ ಅಧ್ಯಕ್ಷರ ಇಲೆವೆನ್ ತಂಡದ ಪರವಾಗಿ ಆಡುವಾಗ ಅವರಿಗೆ ಕಂಡದ್ದು ಎರಡು ಚೆಂಡುಗಳು, ಒಂದರಿಂದ ಇನ್ನೊಂದಕ್ಕೆ ಆರೇಳು ಅಂಗುಲಗಳ ಅಂತರ. ಒಳಗಿನದನ್ನು ಆರಿಸಿಕೊಂಡು ಆಡುತ್ತಾ 35 ರನ್ ಗಳಿಸಿದರು. ಚಹಾ ವಿರಾಮದಲ್ಲಿ ಮಸೂರವನ್ನು ತೆಗೆದು, ಬಲಗಣ್ಣನ್ನು ಮುಚ್ಚಿಕೊಂಡು ಆಡಿ 70ನ್ನು ಪೂರ್ಣಗೊಳಿಸಿದರು. ಮುಂದೆ ಟೋಪಿಯ ಅಂಚನ್ನು ಬಲಗಣ್ಣಿನ ಮೇಲೆ ಇಳಿಸಿಕೊಂಡು ಆಡುವುದನ್ನೂ ರೂಢಿಸಿಕೊಂಡರು.

ಈ ನಿರ್ಧಾರ ಕ್ರೀಡಾಚರಿತ್ರೆಯಲ್ಲಿ ಅಪೂರ್ವವಾದದ್ದು. ಉಳಿದಿದ್ದ ಅರೆಬರೆ ದೃಷ್ಟಿಯನ್ನು ಅವರು ಉದ್ದೇಶಪೂರ್ವಕವಾಗಿ ತ್ಯಜಿಸಿದರು. ಕೂಡಿಕೊಳ್ಳದ ಎರಡು ನೋಟಗಳಿಗಿಂತ ಗೊಂದಲವಿಲ್ಲದ ಒಂದು ನೋಟ ಮೇಲು ಎಂಬುದನ್ನು, ಮೆಳ್ಳೆಗಣ್ಣಿನ ಮಗುವಿನ ಮಿದುಳು ತಾನಾಗಿ ಮಾಡಿಕೊಳ್ಳುವ ಆಯ್ಕೆಯನ್ನು, ಇಪ್ಪತ್ತರ ವಯಸ್ಸಿನ ಆಟಗಾರ ಎರಡು ಗಂಟೆಗಳ ಆಟದೊಳಗೆ ತಿಳಿದು ಮಾಡಿಕೊಂಡಂತಾಯಿತು.

ಆ ಡಿಸೆಂಬರ್ 13ರಂದು ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಅವರ ಮೊದಲ ಟೆಸ್ಟ್ ಆರಂಭವಾಯಿತು. ಸರಣಿಯ ಕೊನೆಯ ಪಂದ್ಯದಲ್ಲಿ, 1962ರ ಜನವರಿಯಲ್ಲಿ ಮದರಾಸಿನಲ್ಲಿ, 103 ರನ್ ಹೊಡೆದರು. ಇಂಗ್ಲೆಂಡ್ ವಿರುದ್ಧ ಭಾರತ ಗೆದ್ದ ಮೊದಲ ಸರಣಿ ಅದು. ಮಾರ್ಚ್ ತಿಂಗಳಲ್ಲಿ ಬಾರ್ಬಡೋಸಿನಲ್ಲಿ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್‌ರ ಎಸೆತ ಬಡಿದು ಪ್ರಾಣಾಪಾಯವಾದಾಗ, 21 ವರ್ಷ 77 ದಿನಗಳ ಪಟೌಡಿ ನಾಯಕರಾದರು. ಹೆಲ್ಮೆಟ್ಟುಗಳಿಲ್ಲದ ಕಾಲ, ಎರಡು ಕಣ್ಣುಗಳಿದ್ದ ನಾಯಕನೇ ನೆಲಕ್ಕುರುಳಿದ್ದ ಪ್ರವಾಸ. 46 ಟೆಸ್ಟುಗಳಲ್ಲಿ 40ರಲ್ಲಿ ನಾಯಕರಾಗಿ, 6 ಶತಕಗಳೊಂದಿಗೆ 2,793 ರನ್ನುಗಳನ್ನು 34.91ರ ಸರಾಸರಿಯಲ್ಲಿ ಗಳಿಸಿದ್ದು ಅವರ ದಾಖಲೆ. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 203, 1967ರಲ್ಲಿ ಹೆಡಿಂಗ್ಲೆಯಲ್ಲಿ 64 ಮತ್ತು 148, ಅದೇ ವರ್ಷದ ಕೊನೆಯಲ್ಲಿ ಮೆಲ್ಬರ್ನಿನಲ್ಲಿ ತೊಡೆಯ ಸ್ನಾಯು ನೋವಿನ ನಡುವೆ 75 ಮತ್ತು 85 ಇವುಗಳಲ್ಲಿ ಹೆಸರಾದವು. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ಹೊರನಾಡಿನ ತನ್ನ ಮೊದಲ ಸರಣಿ ಗೆಲುವನ್ನು ಪಡೆದದ್ದೂ ಅವರ ನಾಯಕತ್ವದಲ್ಲೇ.

ಕರ್ನಾಟಕದ ಕ್ರಿಕೆಟ್ ಚರಿತ್ರೆಗೂ ಈ ಕಾಲಘಟ್ಟಕ್ಕೂ ನೇರ ಸಂಬಂಧವಿದೆ. ಪೋಲಿಯೋದಿಂದ ಬಲಗೈ ಕೃಶವಾಗಿದ್ದ ಮೈಸೂರಿನ ಬಿ. ಎಸ್. ಚಂದ್ರಶೇಖರ್ 1964ರಲ್ಲಿ ಟೆಸ್ಟ್ ಪ್ರವೇಶ ಮಾಡಿದ್ದು ಪಟೌಡಿಯವರ ತಂಡದಲ್ಲಿ. ಇ. ಎ. ಎಸ್. ಪ್ರಸನ್ನ ಓದಿಗಾಗಿ ದೂರವಿದ್ದು ಮರಳಿದ್ದು, 1969ರಲ್ಲಿ ಕಾನ್ಪುರದಲ್ಲಿ ಜಿ. ಆರ್. ವಿಶ್ವನಾಥ್ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದದ್ದು, ಎಲ್ಲವೂ ಅವರ ನಾಯಕತ್ವದಲ್ಲಿ. ದೋಷವೆಂದು ಬೇರೆಯವರು ಕಂಡ ಕೈಯೊಂದನ್ನು ಆಯುಧವಾಗಿಸಿಕೊಂಡ ಬೌಲರನ ಮೇಲೆ, ಒಂದು ಕಣ್ಣಿನ ನಾಯಕ ಇಟ್ಟ ಭರವಸೆಯನ್ನು ಭಾವುಕವಾಗಿ ವರ್ಣಿಸುವವರಿದ್ದಾರೆ. ಚಂದ್ರಶೇಖರರ ಗೂಗ್ಲಿ ವಿಕೆಟ್ ತೆಗೆಯುತ್ತಿತ್ತು ಎಂಬುದೇ ಸಾಕಾದ ವಿವರಣೆ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್ ಪಂದ್ಯ ವೆಸ್ಟ್ ಇಂಡೀಸ್ ವಿರುದ್ಧ ನಡೆದಾಗ ಭಾರತದ ನಾಯಕ ಪಟೌಡಿಯವರೇ. ಆ ಪಂದ್ಯದಲ್ಲಿ ಬೆರಳಿಗೆ ಪೆಟ್ಟಾಗಿ ಅವರು ಮುಂದಿನ ದೆಹಲಿ ಟೆಸ್ಟಿಗೆ ಹೊರಗುಳಿದರು. 1975ರ ಜನವರಿಯಲ್ಲಿ ಮುಂಬಯಿಯಲ್ಲಿ ಕೊನೆಯ ಟೆಸ್ಟ್ ಆಡಿದರು.

ತುಲನೆಯ ಆಕರಗಳು

ಒಬ್ಬನ ಉದಾಹರಣೆಯಿಂದ ಸಾಮಾನ್ಯ ನಿರ್ಣಯಕ್ಕೆ ಬರುವುದು ಅಪಾಯಕರ. ಯಶಸ್ವಿಯಾದವನ ಕಥೆ ಉಳಿಯುತ್ತದೆ. ಪ್ರಯತ್ನಿಸಿ ಬಿಟ್ಟವರದು ಉಳಿಯುವುದಿಲ್ಲ. ಆದ್ದರಿಂದ ಇದೇ ಆಟದಲ್ಲಿ ಕಣ್ಣು ಕಳೆದುಕೊಂಡ ಇನ್ನಿಬ್ಬರನ್ನು ಗಮನಿಸುವುದು ಅಗತ್ಯ. ನವಾನಗರದ ಜಾಮ್ ಸಾಹೇಬ ರಣಜಿತ್‌ಸಿಂಹಜಿ 1915ರಲ್ಲಿ ಯಾರ್ಕ್‌ಷೈರಿನ ಬೇಟೆಯೊಂದರಲ್ಲಿ ಗುಂಡಿನ ಚೂರು ತಗುಲಿ ಬಲಗಣ್ಣನ್ನು ಕಳೆದುಕೊಂಡರು. 1920ರಲ್ಲಿ, 48ರ ಹೊಸ್ತಿಲಲ್ಲಿ, ಸಸೆಕ್ಸ್‌ಗಾಗಿ ಮೂರು ಪಂದ್ಯಗಳನ್ನಾಡಿ ಒಟ್ಟು 39 ರನ್ ಗಳಿಸಿದರು. ಒಂದು ಕಾಲಕ್ಕೆ ಇಂಗ್ಲೆಂಡಿನ ಅತ್ಯಂತ ಸೊಗಸಾದ ಬ್ಯಾಟ್ಸ್‌ಮನ್ ಎನಿಸಿದ್ದವರ ಈ ಅಂಕಿಗಳನ್ನು ಕಣ್ಣಿನ ಲೆಕ್ಕಕ್ಕೆ ಮಾತ್ರ ಬರೆಯಲಾಗದು. ವಯಸ್ಸೂ ಸ್ಥೂಲಕಾಯವೂ ವರ್ಷಗಟ್ಟಲೆ ಆಟ ತಪ್ಪಿದ್ದೂ ಸೇರಿದ್ದವು. ಇಂಗ್ಲೆಂಡಿನ ಕಾಲಿನ್ ಮಿಲ್ಬರ್ನ್ 1969ರ ಮಾರ್ಚಿನಲ್ಲಿ ಕರಾಚಿಯಲ್ಲಿ 139 ರನ್ ಹೊಡೆದು, ಎರಡೇ ತಿಂಗಳ ಬಳಿಕ ಕಾರು ಅಪಘಾತದಲ್ಲಿ ಎಡಗಣ್ಣನ್ನು ಕಳೆದುಕೊಂಡರು. 1973 ಮತ್ತು 1974ರಲ್ಲಿ ನಾರ್ಥಾಂಪ್ಟನ್‌ಷೈರಿಗೆ ಮರಳಿ ಆಡಿದರೂ ಹಳೆಯ ಆಟ ಬರಲಿಲ್ಲ. ಬಲಗೈ ಬ್ಯಾಟ್ಸ್‌ಮನ್ ಎಡಭುಜವನ್ನು ಬೌಲರನ ಕಡೆಗಿಟ್ಟು ನಿಲ್ಲುತ್ತಾನೆ. ಆಗ ಮುಂದಿರುವುದು ಎಡಗಣ್ಣು. ಪಟೌಡಿ ಕಳೆದುಕೊಂಡದ್ದು ಹಿಂದಿನ ಕಣ್ಣು, ಮಿಲ್ಬರ್ನ್ ಕಳೆದುಕೊಂಡದ್ದು ಮುಂದಿನ ಕಣ್ಣು. ಮಿಲ್ಬರ್ನರ ಉಳಿದ ಬಲಗಣ್ಣಿಗೂ ಪೆಟ್ಟಾಗಿತ್ತು. ಮೂವರಲ್ಲಿ ಪಟೌಡಿ ಮಾತ್ರ ಇಪ್ಪತ್ತರ ಹರೆಯದವರು, ನಾಲ್ಕು ವರ್ಷ ಕಾಯದೆ ಐದು ತಿಂಗಳೊಳಗೆ ಮೈದಾನಕ್ಕಿಳಿದವರು.

ಕ್ರಿಕೆಟಿನಾಚೆಯ ಉದಾಹರಣೆಯೊಂದೂ ಉಲ್ಲೇಖಾರ್ಹ. 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಗೋಲುಗಾರ ಗಾರ್ಡನ್ ಬ್ಯಾಂಕ್ಸ್ 1972ರ ಅಕ್ಟೋಬರಿನಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡು ನಿವೃತ್ತರಾದರು. ಐದು ವರ್ಷಗಳ ಬಳಿಕ, 39ರ ವಯಸ್ಸಿನಲ್ಲಿ, ಅಮೆರಿಕದ ಫೋರ್ಟ್ ಲಾಡರ್‌ಡೇಲ್ ತಂಡಕ್ಕೆ ಆಡಿ ಆ ಲೀಗಿನ ವರ್ಷದ ಗೋಲುಗಾರ ಎನಿಸಿಕೊಂಡರು. ಫುಟ್‌ಬಾಲ್ ದೊಡ್ಡದು, ಅದರ ಬಿಂಬ ಹಿಗ್ಗುವುದು ಕ್ರಿಕೆಟ್ ಚೆಂಡಿಗಿಂತ ಮೊದಲೇ ಕಣ್ಣಿಗೆ ತಿಳಿಯುತ್ತದೆ. ಅಮೆರಿಕದ ವಿಮಾನಚಾಲಕ ವೈಲಿ ಪೋಸ್ಟ್‌ನದು ಇನ್ನೊಂದು ಬಗೆ. 1926ರಲ್ಲಿ ಎಣ್ಣೆಬಾವಿಯ ಕೆಲಸದಲ್ಲಿ ಎಡಗಣ್ಣು ಕಳೆದುಕೊಂಡ ಅವನು ಚೇತರಿಸಿಕೊಳ್ಳುವ ದಿನಗಳಲ್ಲಿ ಮರವನ್ನೋ ಗುಡ್ಡವನ್ನೋ ನೋಡಿ ದೂರವನ್ನು ಊಹಿಸಿ, ಬಳಿಕ ಹೆಜ್ಜೆ ಹಾಕಿ ಅಳೆದು ಸರಿನೋಡಿಕೊಳ್ಳುತ್ತಿದ್ದನಂತೆ. 1933ರಲ್ಲಿ ಒಬ್ಬನೇ ವಿಮಾನದಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗನಾದ.

ವೈಲಿ ಪೋಸ್ಟ್‌ನ ಹೆಜ್ಜೆಯೆಣಿಕೆ ಚಿಕ್ಕ ಸಂಗತಿಯೆನಿಸಿದರೂ, ಪಟೌಡಿಯವರ ಆಟವನ್ನು ಅರ್ಥಮಾಡಿಕೊಳ್ಳಲು ಅದರಿಂದ ಸಹಾಯವಾಗುತ್ತದೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಾಯ್ಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆಯನ್ನು ಅಳೆದಾಗ ಅವರು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲವೆಂದು ತಿಳಿಯಿತು. ಚೆಂಡು ಕೈಬಿಟ್ಟ ಕ್ಷಣವನ್ನು ನೋಡಿ, ಅದು ನೆಲಕ್ಕೆ ಬೀಳುವ ಜಾಗಕ್ಕೆ ದೃಷ್ಟಿಯನ್ನು ಮೊದಲೇ ಹಾರಿಸಿ ಅಲ್ಲಿ ಕಾಯುತ್ತಾರೆ. ಉತ್ತಮ ಆಟಗಾರ ಇತರರಿಗಿಂತ ಬೇಗ ಹಾರಿಸುತ್ತಾನೆ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ತಲುಪಲು ಅರ್ಧ ಸೆಕೆಂಡೂ ಹಿಡಿಯದಿರುವಾಗ ಬೇರೆ ದಾರಿಯೂ ಇಲ್ಲ. ಅಂದರೆ ಆಡುವುದು ಬಹುಪಾಲು ಪೂರ್ವಾನುಭವದ ಊಹೆಯಿಂದ. ಆ ಊಹೆಯನ್ನು ಪಟೌಡಿ ಕಟ್ಟಿಕೊಂಡದ್ದು ಎರಡು ಕಣ್ಣುಗಳಿದ್ದ ದಿನಗಳಲ್ಲಿ, ವಿಂಚೆಸ್ಟರಿನಲ್ಲಿಯೂ ಹೋವ್‌ನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ. ಕಣ್ಣು ಹೋದಾಗ ಅದು ಜೊತೆಗೆ ಹೋಗಲಿಲ್ಲ. ಹೊಸ ಅಳತೆಗೆ ಹೊಂದಿಸಿಕೊಳ್ಳಬೇಕಾಯಿತು ಅಷ್ಟೆ.

ಬೆಲ್ಜಿಯಮ್ಮಿನ ಲಿಸ್ಬೆತ್ ಮಾಜಿನ್ ಮತ್ತು ಸಂಗಡಿಗರು 2004 ಮತ್ತು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಇನ್ನೊಂದು ಮುಖವನ್ನು ತೋರಿಸುತ್ತವೆ. ಒಂದೇ ಕೈಯಲ್ಲಿ ಚೆಂಡು ಹಿಡಿಯುವಾಗ ಘನದೃಷ್ಟಿ ದುರ್ಬಲವಾಗಿದ್ದವರು ವೇಗ ಹೆಚ್ಚಿದಂತೆ ಹೆಚ್ಚು ತಪ್ಪಿದರು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ತರಬೇತಿ ನೀಡಿದಾಗ ಘನದೃಷ್ಟಿಯುಳ್ಳವರು ಸುಧಾರಿಸಿದಷ್ಟು ಅವರು ಸುಧಾರಿಸಲಿಲ್ಲ. ಘನದೃಷ್ಟಿ ಆಟವಾಡುವಾಗಿನ ಮಾರ್ಗದರ್ಶಕ ಎಂಬುದಕ್ಕಿಂತ ಆಟ ಕಲಿಯುವಾಗಿನ ಗುರು ಎಂದು ಈ ಫಲಿತಾಂಶವನ್ನು ಓದುವುದು ಹೆಚ್ಚು ಸಮಂಜಸ. ಕೊನೆಯ ಎರಡು ಮೂರು ಮೀಟರುಗಳಲ್ಲಿ ಚೆಂಡು ಎಲ್ಲಿತ್ತು, ಕೈ ಎಲ್ಲಿತ್ತು ಎಂಬ ತಪ್ಪನ್ನು ಅದು ತಕ್ಷಣ ತೋರಿಸಿಕೊಡುತ್ತದೆ. ಗುರುವಿನ ಬಳಿ ಇಪ್ಪತ್ತು ವರ್ಷ ಕಲಿತವನಿಗೂ ಗುರುವನ್ನು ಕಾಣದವನಿಗೂ ಇರುವ ಅಂತರ ಪಟೌಡಿಯವರಿಗೂ, ಬಾಲ್ಯದಿಂದ ಘನದೃಷ್ಟಿಯಿಲ್ಲದೆ ಶಾಲೆಯ ಆಟದ ಬಯಲಿನಲ್ಲಿ ಕ್ಯಾಚು ಬಿಡುವ ಹುಡುಗನಿಗೂ ಇದೆ. ಆ ಹುಡುಗನಿಗೆ ಪಟೌಡಿಯವರ ಹೆಸರನ್ನು ಹೇಳಿ ಹುರಿದುಂಬಿಸುವುದು ಸದುದ್ದೇಶದ್ದಾದರೂ ಹೋಲಿಕೆ ಸರಿಯಲ್ಲ. ಮೈಗಳ್ಳ, ಅಂಜುಬುರುಕ ಎಂಬ ಮಾತುಗಳನ್ನು ಕೇಳಿ ಬೆಳೆದ ಇಂಥವರಲ್ಲಿ ಅನೇಕರಿಗೆ ತಮ್ಮಲ್ಲಿ ಕೊರತೆಯಿರುವುದೇ ತಿಳಿದಿರುವುದಿಲ್ಲ. ಎಂದೂ ಕಾಣದ ಆಳದ ಅಭಾವ ಅನುಭವಕ್ಕೆ ಬರುವುದಾದರೂ ಹೇಗೆ? ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಶೈಶವದಿಂದ ಮೆಳ್ಳೆಗಣ್ಣಿದ್ದು, 48ರ ವಯಸ್ಸಿನಲ್ಲಿ ದೃಷ್ಟಿವ್ಯಾಯಾಮಗಳಿಂದ ಘನದೃಷ್ಟಿ ಪಡೆದರು. ಆಲಿವರ್ ಸ್ಯಾಕ್ಸ್ 2006ರಲ್ಲಿ ಆಕೆಯ ಕುರಿತು ಬರೆದರು. 2009ರಲ್ಲಿ ಆಕೆಯೇ ಪುಸ್ತಕ ಬರೆದರು. ತನಗೆ ಏನು ಇರಲಿಲ್ಲವೆಂಬುದು, ಪಾಠದಿಂದ ತಿಳಿದಿದ್ದರೂ, ಅದು ಬಂದ ಮೇಲಷ್ಟೇ ಆಕೆಯ ಅರಿವಿಗೆ ಬಂತು.

ಎರಡೂ ಕಣ್ಣಿದ್ದಿದ್ದರೆ ಪಟೌಡಿ ಎಷ್ಟು ರನ್ ಗಳಿಸುತ್ತಿದ್ದರು ಎಂಬ ಚರ್ಚೆ ಕ್ರಿಕೆಟ್ ಬರವಣಿಗೆಯಲ್ಲಿ ದಶಕಗಳಿಂದ ನಡೆದಿದೆ. ಅದು ಫಲವಿಲ್ಲದ ಚರ್ಚೆ. ಅವರ 34.91ನ್ನು ಕಣ್ಣಿನ ಕೊರತೆಗೆ ಕಂದಾಯ ತೆತ್ತ ಮೊತ್ತವೆಂದು ನೋಡುವುದೂ, ಕೊರತೆಯೇ ಇರಲಿಲ್ಲವೆಂಬುದಕ್ಕೆ ಸಾಕ್ಷಿಯೆಂದು ನೋಡುವುದೂ ಒಂದೇ ಬಗೆಯ ಆತುರ. ಕವರ್ ಕ್ಷೇತ್ರದಲ್ಲಿ ಅವರ ಚುರುಕು ಅಪಘಾತದ ಬಳಿಕವೂ ಪ್ರಸಿದ್ಧವಾಗಿತ್ತು. ಓಡುವವನಿಗೆ ಹೆಲ್ಮ್‌ಹೋಲ್ಟ್ಸ್‌ನ ಚಲನೆಯ ಸುಳಿವು ಹೇರಳವಾಗಿ ದೊರೆಯುತ್ತದೆ. ಎರಡು ಕಣ್ಣುಗಳಿಂದ ಸುಮಾರು 190 ಡಿಗ್ರಿಯಷ್ಟಿರುವ ನೋಟದ ವ್ಯಾಪ್ತಿ ಒಂದು ಕಣ್ಣಿನಲ್ಲಿ 150ರ ಆಸುಪಾಸಿಗೆ ಇಳಿಯುತ್ತದೆ. ಬಲಬದಿಯ ಆ ನಷ್ಟವನ್ನು ಕುತ್ತಿಗೆ ಹೊರಳಿಸಿಯೇ ತುಂಬಿಕೊಳ್ಳಬೇಕು, ಕಾಗೆಯ ಹಾಗೆ.

ದೂರದ ಚೆಂಡಿಗೂ ಹತ್ತಿರದ ಲೋಟಕ್ಕೂ ನಡುವಿನ ಈ ಭೇದವನ್ನು ಆಡಳಿತದ ಅಳತೆಗೋಲುಗಳು ಇನ್ನೂ ಗುರುತಿಸಿಲ್ಲ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಡಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಒಂದು ಕಣ್ಣು ಪೂರ್ಣ ಕುರುಡಾಗಿ ಇನ್ನೊಂದು ಸರಿಯಿದ್ದರೆ ವೈಕಲ್ಯದ ಪ್ರಮಾಣ ಶೇಕಡ 30. ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ಬೇಕಾದದ್ದು ಶೇಕಡ 40. ಎರಡೂ ಕಣ್ಣುಗಳ ದೃಷ್ಟಿ ಸರಿಯಿದ್ದು ಘನದೃಷ್ಟಿ ಮಾತ್ರ ಇಲ್ಲದವರಿಗೆ ಇಲ್ಲಿ ಯಾವ ಪ್ರಮಾಣವೂ ಇಲ್ಲ, ಏಕೆಂದರೆ ಅಳೆಯುವುದು ಪ್ರತಿ ಕಣ್ಣಿನ ಸ್ಪಷ್ಟತೆಯನ್ನೂ ನೋಟದ ವ್ಯಾಪ್ತಿಯನ್ನೂ. ಆರು ಮೀಟರ್ ದೂರದಲ್ಲಿ ತೂಗುಹಾಕಿದ ಅಕ್ಷರಗಳ ಪಟ್ಟಿಯನ್ನು ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುವ ಪರೀಕ್ಷೆಯಲ್ಲಿ, ಎರಡು ಕಣ್ಣುಗಳು ಜೊತೆಗೂಡಿ ಮಾಡುವ ಕೆಲಸವನ್ನು ನೋಡಲು ಅವಕಾಶವೇ ಇರುವುದಿಲ್ಲ. ಶಾಲೆಗಳ ಕಣ್ಣಿನ ತಪಾಸಣೆಯೂ ಸಾಮಾನ್ಯವಾಗಿ ಈ ಪಟ್ಟಿಯನ್ನೇ ನಂಬಿದೆ. ಚುಕ್ಕೆಗಳ ಜೋಡಿಚಿತ್ರವಿರುವ ಒಂದು ಹಾಳೆಯನ್ನು ಮಗುವಿನ ಮುಂದೆ ಹಿಡಿದರೆ ಸಾಕು, ಕೊರತೆ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ. ಯೂಲೆಸ್‌ನ ಚುಕ್ಕೆಗಳಿಗೆ ಈಗ ಅರವತ್ತು ವರ್ಷ ದಾಟಿದೆ.